ನಡುವೆ ಬಯಲಾದ ಹೂವು

ಹೋದ ಚಳಿಗಾಲದ ಒಂದು ಅಮಾವಾಸ್ಯೆ. ಚಿತ್ರದುರ್ಗದಾಚೆ, ಕೊಯ್ಲು ಮುಗಿದ ರಾಗಿ ಹೊಲದಲ್ಲಿ ಕ್ಯಾಮೆರಾ ಹೂಡಿ ಕೂತಿದ್ದೆ. ಭೂಮಿ ತಿರುಗಿದಂತೆ ಕ್ಯಾಮೆರಾವೂ ನಕ್ಷತ್ರಗಳ ಬೆನ್ನು ಹತ್ತಬೇಕಾದರೆ, ಅದರ ಯಂತ್ರವನ್ನು ಧ್ರುವ ನಕ್ಷತ್ರದ ಕಡೆಗೆ ಗುರಿಯಿಟ್ಟು ಕೂರಿಸಬೇಕು. ನಮ್ಮ ಸೀಮೆಯಲ್ಲಿ ಧ್ರುವ ಬಲು ಕೆಳಗೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟೇ ಎತ್ತರ. ಹುಣಸೆಮರ ಅದನ್ನು ಮರೆಮಾಡುತ್ತಿತ್ತು. ಮೂರು ಸಲ ಜಾಗ ಬದಲಿಸಿದೆ.

ನನಗೆ ಬೇಕಿದ್ದುದು ರೋಸೆಟ್ ನೀಹಾರಿಕೆ, ಹೂವಿನಾಕಾರದ ಅನಿಲದ ಮೋಡ. ಕೆಂಪಗಿನ ಆರ್ದ್ರಾ ನಕ್ಷತ್ರದಿಂದ ಒಂದು ಮುಷ್ಟಿ ಪೂರ್ವಕ್ಕೆ, ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿದೆ. ಹುಣ್ಣಿಮೆ ಚಂದ್ರನ ಎರಡರಷ್ಟಕ್ಕೂ ಹೆಚ್ಚು ಅಗಲ, ಆದರೂ ಬರಿಗಣ್ಣಿಗೆ ಅದು ಕಾಣುವುದಿಲ್ಲ. ದೂರದರ್ಶಕದಲ್ಲಿ ನೋಡಿದ ಹಳಬರಿಗೂ ಅದು ಎಸಳೆಸಳಾಗಿ, ಬಿಡಿಬಿಡಿಯಾಗಿ ಕಂಡಿತ್ತು. ಅದಕ್ಕೇ ಆಕಾಶಕಾಯಗಳ ಎನ್‌ಜಿಸಿ ಪಟ್ಟಿಯಲ್ಲಿ ಈ ಒಂದು ಹೂವಿಗೆ 2237, 2238, 2239, 2246 ಎಂದು ನಾಲ್ಕು ಸಂಖ್ಯೆ.

ಮೊದಲ ಚಿತ್ರ ಐದು ನಿಮಿಷದ್ದು. ಕಪ್ಪು ಪರದೆಯ ಮೇಲೆ ಕುಂಕುಮ ಸೋಕಿದಂಥ ಒಂದು ಕಲೆ. ಅಷ್ಟಕ್ಕೇ ಮೈ ಜುಮ್ಮೆಂದಿತು.

ಆ ಕೆಂಪು ಜಲಜನಕದ್ದು. ಬಿಸಿ ನಕ್ಷತ್ರಗಳ ಅತಿನೇರಳೆ ಬೆಳಕು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತದೆ. ಎಲೆಕ್ಟ್ರಾನ್ ಮರಳಿ ಬಂದು ಮೆಟ್ಟಿಲಿಳಿಯುವಾಗ 656.3 ನ್ಯಾನೋಮೀಟರಿನ ಈ ಕೆಂಪು ಹೊಮ್ಮುತ್ತದೆ. ಸಾಮಾನ್ಯ ಕ್ಯಾಮೆರಾದೊಳಗಿನ ಫಿಲ್ಟರು ಇದನ್ನೇ ಬಹುಪಾಲು ತಡೆದುಬಿಡುತ್ತದೆ. ನನ್ನದರಲ್ಲಿ ಆ ಫಿಲ್ಟರು ತೆಗೆಸಿದ್ದೇನೆ.

ಹೂವಿನ ನಡುವೆ ಒಂದು ದೊಡ್ಡ ಬಯಲಿದೆ. ಅಲ್ಲಿರುವುದು ಎಳೆಯ ನಕ್ಷತ್ರಗಳ ಗುಂಪು. ಅವುಗಳಲ್ಲಿ ಅತಿ ಬಿಸಿಯಾದವುಗಳ ಮೇಲ್ಮೈ 40,000 ಡಿಗ್ರಿಯ ಆಸುಪಾಸು. ನಮ್ಮ ಸೂರ್ಯನದು 5,500. ಅವುಗಳಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2,000 ಕಿಲೋಮೀಟರಿಗೂ ಮಿಕ್ಕಿದ್ದು. ಬೆಂಗಳೂರಿನಲ್ಲಿ ಹೊರಟರೆ ಒಂದು ಸೆಕೆಂಡಿನೊಳಗೆ ದಿಲ್ಲಿ ದಾಟಿರುತ್ತದೆ. ತಮ್ಮನ್ನು ಹೆತ್ತ ಅನಿಲವನ್ನೇ ಈ ನಕ್ಷತ್ರಗಳು ಸುತ್ತಲೂ ತಳ್ಳಿ, ನಡುವನ್ನು ಗುಡಿಸಿಬಿಟ್ಟಿವೆ. ಎಸಳನ್ನು ಬೆಳಗಿಸುವುದೂ ಅವೇ, ಒಡಲನ್ನು ಖಾಲಿ ಮಾಡಿದ್ದೂ ಅವೇ. ಇದನ್ನು ಓದಿ ತಿಳಿದಿದ್ದೆ. ಕಣ್ಣಾರೆ ಕಾಣುವ ಆಸೆಗೇ ಅಷ್ಟು ಚಳಿಯಲ್ಲಿ ಕೂತದ್ದು.

ಎರಡೂವರೆಗೆ ಲೆನ್ಸಿನ ಮೇಲೆ ಇಬ್ಬನಿ ಕೂತಿತು. ಅಷ್ಟರಲ್ಲಿ ನಲವತ್ತು ಚಿತ್ರ ಕೈಗೆ ಸಿಕ್ಕಿದ್ದವು. ಮಾರನೇ ದಿನ ಅವನ್ನು ಒಂದರ ಮೇಲೊಂದು ಪೇರಿಸುತ್ತ ಹೋದೆ. ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಎದ್ದಿದ್ದ ಚುಕ್ಕೆಗಳ ಗದ್ದಲ ಅಡಗಿತು. ನಲವತ್ತರಲ್ಲೂ ಇದ್ದ ಹೂವು ಮಾತ್ರ ಉಳಿದು, ಗಾಢವಾಯಿತು. ಮನೆಯವರೆಲ್ಲ ಎಸಳುಗಳನ್ನು ನೋಡುತ್ತಿದ್ದರು. ನಾನು ನಡುವಿನ ಬಯಲನ್ನು ದೊಡ್ಡದು ಮಾಡಿ ತೋರಿಸಿದೆ. ಅಲ್ಲಿ, ನೀಲಿಯಾಗಿ, ಆ ನಕ್ಷತ್ರಗಳಿದ್ದವು.