ಬಾಲ್ಟಿ, ಕಸಬರಿಗೆ ಮತ್ತು ಭಾಷಾ ಪಾಠ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಭಾಷೆ ಕಲಿಯುವ ಬಗ್ಗೆ ಎರಡು ಮಾತು ಆಡಲು ನನಗೆ ತಿಳಿಸಿದ್ದಾರೆ. ವಿಜಯಪುರ, ತಿಕೋಟಾ, ಬಬಲೇಶ್ವರದ ನಮ್ಮ ಮಕ್ಕಳಿಗೆ ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಪುಸ್ತಕದಲ್ಲಿ ಉರ್ದು ಮತ್ತು ಇಂಗ್ಲಿಷ್. ಆದರೂ "ಭಾಷಾ ಬರೂದಿಲ್ರಿ ಸರ್" ಎನ್ನುತ್ತಾರೆ. ಅದಕ್ಕೇ ನಾನು ಪಾಠವನ್ನು ಮನೆಗೆಲಸದಿಂದ ಆರಂಭಿಸುತ್ತೇನೆ. ಕನ್ನಡದಲ್ಲಿ 'ಕಸ ಹೊಡಿ', ಉರ್ದುವಿನಲ್ಲಿ 'ಝಾಡೂ ಲಗಾವೊ', ಇಂಗ್ಲಿಷಿನಲ್ಲಿ 'ಸ್ವೀಪ್ ದಿ ಫ್ಲೋರ್', ದೂರದ ಸ್ಪ್ಯಾನಿಷ್‌ನಲ್ಲಿ 'ಬಾರ್ರೆ ಎಲ್ ಸ್ವೆಲೊ'. 'ಭಾಂಡೆ ತಿಕ್ಕು' ಎಂದರೆ 'ಬರ್ತನ್ ಮಾಂಝೊ', 'ವಾಶ್ ದಿ ಡಿಶಸ್', 'ಲಾವಾ ಲೋಸ್ ಪ್ಲಾತೋಸ್'.

ದೂರದ ಭಾಷೆಯೆಂದು ಹೆದರಬೇಡಿರಿ. ನಮ್ಮ 'ಸಾಬೂನು', ಅರಬ್ಬಿಯ 'ಸಾಬೂನ್', ಸ್ಪ್ಯಾನಿಷ್‌ನ 'ಹಬೋನ್' ಒಂದೇ ಬೇರಿನ ಮಾತುಗಳು. ನೀರು ತುಂಬುವ 'ಬಾಲ್ಟಿ' ಪೋರ್ಚುಗೀಸರ 'ಬಾಲ್ದೆ'. ಸ್ಪ್ಯಾನಿಷ್‌ನಲ್ಲಿಯೂ ಅದೇ ಮಾತಿದೆ. 1510ರಲ್ಲಿ ನಮ್ಮ ಆದಿಲಶಾಹಿಗಳಿಂದ ಗೋವೆಯನ್ನು ಗೆದ್ದವರು ಇದೇ ಪೋರ್ಚುಗೀಸರು. ಆದಿಲಶಾಹಿ ಹೋಯಿತು, 1961ರಲ್ಲಿ ಪೋರ್ಚುಗೀಸರೂ ಹೋದರು. ಬಾಲ್ಟಿ ಮಾತ್ರ ನಮ್ಮ ಬಚ್ಚಲದಲ್ಲಿ ಉಳಿಯಿತು.

ಇನ್ನೊಂದು ಮಾತು ಹೇಳಲೇಬೇಕು. ನನ್ನ ತರಗತಿಯ ಒಬ್ಬ ಹುಡುಗಿ ದಿನಾಲು ತಡವಾಗಿ ಬರುತ್ತಿದ್ದಳು. ಒಂದು ದಿನ ಸಿಟ್ಟಿನಿಂದ ಹೊರಗೆ ನಿಲ್ಲಿಸಿದೆ. ಆಮೇಲೆ ನೋಡಿದರೆ ಅವಳ ಬೆರಳಿಗೆ ಭಾಂಡೆ ತಿಕ್ಕಿದ ಬೂದಿ ಇನ್ನೂ ಅಂಟಿತ್ತು. ಅದೇ ಮನೆಯ ತಮ್ಮ ಗಂಟೆ ಬಾರಿಸುವ ಮೊದಲೇ ಬಂದು ಕುಳಿತಿದ್ದ. ಶಿಕ್ಷಕನಾದ ನನಗೆ ನಾಚಿಕೆಯಾಯಿತು.

ಅಂದು ವ್ಯಾಕರಣದ ಪಾಠವನ್ನೇ ಬದಲಿಸಿದೆ. ಉರ್ದುವಿನಲ್ಲಿ ಹುಡುಗ 'ಕರ್ತಾ ಹೈ', ಹುಡುಗಿ 'ಕರ್ತೀ ಹೈ'. ಕನ್ನಡದಲ್ಲಿ 'ಮಾಡುತ್ತಾನೆ', 'ಮಾಡುತ್ತಾಳೆ'. ಆದರೆ 'ಕರೊ', 'ಮಾಡು' ಎಂದು ಕೆಲಸ ಹೇಳುವಾಗ ಲಿಂಗಭೇದವಿಲ್ಲ. ಇಂಗ್ಲಿಷ್, ಸ್ಪ್ಯಾನಿಷ್‌ಗಳಲ್ಲಿಯೂ ಇಲ್ಲ. ಭಾಷೆ ಮಾಡದ ಭೇದವನ್ನು ನಾವು ಮನೆಯಲ್ಲಿ ಮಾಡಿದ್ದೇವೆ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಬೆಳಗಿನ ಕೆಲಸವನ್ನು ಗಂಡು ಹೆಣ್ಣು ಮಕ್ಕಳಿಗೆ ಸಮನಾಗಿ ಹಂಚಿರಿ. ಹುಡುಗರೆ, ನಾಳೆ ಒಂದು ಕೆಲಸ ಮಾಡಿ, ಅದರ ಹೆಸರನ್ನು ಮೂರು ಭಾಷೆಗಳಲ್ಲಿ ಬರೆದು ತನ್ನಿರಿ. ನಿಮ್ಮ ಅಕ್ಕತಂಗಿಯರು ಗಂಟೆಗೆ ಮೊದಲೇ ಶಾಲೆ ಮುಟ್ಟಿದರೆ ಪೂರ್ಣ ಅಂಕ ಕೊಡುತ್ತೇನೆ.