‘ಹಲ್ಲಿನ ಡಾಕ್ಟರಾದರೂ ಆಗಲಿ’ ಎನ್ನುವ ಮುನ್ನ



ನೀಟ್ ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಕನ್ನಡ ಮನೆಗಳಲ್ಲಿ ಕೇಳಿಬರುವ ಒಂದು ಮಾತಿದೆ. “ಎಂಬಿಬಿಎಸ್‌ಗೆ ಅಂಕ ಸಾಲಲಿಲ್ಲ. ಹೋಗಲಿ, ಹಲ್ಲಿನ ಡಾಕ್ಟರಾದರೂ ಆಗಲಿ.” ಈ ‘ಆದರೂ’ ಎಂಬ ಪದದ ಬಗ್ಗೆಯೇ ಇವತ್ತು ನಿಮ್ಮ ಹತ್ತಿರ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಘಾಟ್ಕೋಪರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದು ಪಂತ್ ನಗರದಲ್ಲಿರಬಹುದು, ಅಸಲ್ಫಾದ ಗುಡ್ಡದ ಮೇಲಿರಬಹುದು, ಭಟವಾಡಿಯಲ್ಲಿರಬಹುದು. ತಂದೆ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವವರು. ತಾಯಿ ಮನೆಯಲ್ಲೇ ನಾಲ್ಕು ಮಕ್ಕಳಿಗೆ ಪಾಠ ಹೇಳಿಕೊಡುತ್ತಾರೆ. ಮಗಳು ಹನ್ನೆರಡನೆಯ ತರಗತಿ ಸೈನ್ಸ್. ಆ ಮನೆಯಿಂದ ಹೊರಗೆ ಹೋಗುವ ಪ್ರತಿ ಲಕ್ಷ ರೂಪಾಯಿಯ ಹಿಂದೆ ಎಷ್ಟೋ ವರ್ಷಗಳ ದುಡಿಮೆ ಇರುತ್ತದೆ. ಅಂಥ ಮನೆಗೆ ‘ಆದರೂ’ ಎಂದು ಹೇಳುವ ಅನುಕೂಲ ಇಲ್ಲ. ಆ ಹುಡುಗಿ ದಂತವೈದ್ಯೆ ಆಗುವುದಾದರೆ ತಿಳಿದು, ನೋಡಿ, ಬೇಕೆಂದು ಆಗಬೇಕು.

ಮೊದಲಿಗೆ ಈ ವಿದ್ಯೆಯ ಹಿರಿಮೆಯನ್ನು ನೋಡೋಣ. ಭಾರತದಲ್ಲಿ ದಂತವೈದ್ಯ ಶಿಕ್ಷಣಕ್ಕೆ ತಳಪಾಯ ಹಾಕಿದವರು ಡಾ. ರಫೀಉದ್ದೀನ್ ಅಹಮದ್. ಅಮೆರಿಕದಲ್ಲಿ ಕಲಿತು ಬಂದು, 1920ರಲ್ಲಿ ಕಲಕತ್ತೆಯಲ್ಲಿ ದೇಶದ ಮೊದಲ ದಂತ ಕಾಲೇಜನ್ನು ಆರಂಭಿಸಿದರು. ಕಲಕತ್ತೆಯಲ್ಲೇ ದಂತವೈದ್ಯ ಕಲಿತ ಒಬ್ಬ ತರುಣಿ 1923ರಲ್ಲಿ ನಮ್ಮ ಮುಂಬಯಿಯಲ್ಲಿ ಸ್ವಂತ ಕ್ಲಿನಿಕ್ ತೆರೆದರು. ಆಕೆ ಫಾತಿಮಾ ಜಿನ್ನಾ, ಮಹಮ್ಮದ್ ಅಲಿ ಜಿನ್ನಾ ಅವರ ತಂಗಿ. ಮುಂದಿನ ರಾಜಕೀಯ ಏನೇ ಇರಲಿ, ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಮುಂಬಯಿಯಲ್ಲಿ ಹಲ್ಲಿನ ಡಾಕ್ಟರಾಗಿ ಬಾಗಿಲು ತೆರೆದು ಕೂತ ಹೆಣ್ಣುಮಗಳು ಅವರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ ದಂತ ಕಾಲೇಜು 1965ರಲ್ಲಿ ಶುರುವಾದವು. ಹೀಗೆ ತನ್ನದೇ ದಾರಿ ಮಾಡಿಕೊಂಡು ಬಂದ ವಿದ್ಯೆ ಇದು, ಎಂಬಿಬಿಎಸ್‌ನ ಉಳಿಕೆ ಅಲ್ಲ.

ಹಾಗಾದರೆ ಈ ಕೆಲಸ ಎಂಥದು? ಬಿಡಿಎಸ್ ಎಂದರೆ ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದು ವರ್ಷ. ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆಯ ಪಾಠಗಳ ಜೊತೆಗೆ ಹುಡುಗಿಯ ಕೈಗೆ ಒಂದು ಮೇಣದ ತುಂಡು ಕೊಡುತ್ತಾರೆ. ಅದರಲ್ಲಿ ಹಲ್ಲು ಕೆತ್ತಬೇಕು. ಬಾಚಿಹಲ್ಲಿನ ಅಂಚು, ದವಡೆಹಲ್ಲಿನ ಉಬ್ಬು ತಗ್ಗು ಎಲ್ಲವೂ ಅಳತೆಗೆ ಸರಿಯಾಗಿ ಬರಬೇಕು. ಎರಡನೆಯ ವರ್ಷ ಪ್ಲಾಸ್ಟರು, ಅಚ್ಚು, ಕೃತಕ ಹಲ್ಲುಗಳ ಮೇಲೆ ಅಭ್ಯಾಸ. ಮೂರನೆಯ ವರ್ಷದಿಂದ ಕುರ್ಚಿಯ ಮೇಲೆ ನಿಜವಾದ ರೋಗಿ.

ಅಂದರೆ ಇದು ತಲೆಯ ಕೆಲಸ ಎಷ್ಟೋ ಕೈಯ ಕೆಲಸವೂ ಅಷ್ಟೇ. ಸಣ್ಣ ಕನ್ನಡಿಯಲ್ಲಿ ಉಲ್ಟಾ ಕಾಣುವ ಹಲ್ಲನ್ನು ನೋಡಿಕೊಂಡು ಕೈ ನೇರವಾಗಿ ಓಡಿಸಬೇಕು. ಗಂಟೆಗಟ್ಟಲೆ ಬಗ್ಗಿ ಕೂರಬೇಕು. ಕುತ್ತಿಗೆ, ಬೆನ್ನು ಅದಕ್ಕೆ ತಯಾರಿರಬೇಕು. ಹೆದರಿ ಬಾಯಿ ಬಿಡದ ಮಗುವಿನ ಜೊತೆ, ನೋವಿನಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದ ಅಜ್ಜಿಯ ಜೊತೆ ತಾಳ್ಮೆಯಿಂದ ಮಾತಾಡಬೇಕು. ನಿಮ್ಮ ಮಗಳು ರಂಗೋಲಿ ಬಿಡಿಸುವಾಗ, ಹೊಲಿಗೆ ಹಾಕುವಾಗ, ಬಯಾಲಜಿ ಚಿತ್ರ ಬರೆಯುವಾಗ ಹೊತ್ತು ಹೋದದ್ದು ತಿಳಿಯದೆ ಕೂರುತ್ತಾಳೆಯೇ? ಆಕೆಯ ಮಾರ್ಕ್ಸ್ ಕಾರ್ಡು ಇದನ್ನು ಹೇಳುವುದಿಲ್ಲ, ನೀವೇ ಗಮನಿಸಬೇಕು.

ಇನ್ನೊಂದು ಮಾತು. ಹಲ್ಲಿನ ಡಾಕ್ಟರು ಹಲ್ಲು ಕೀಳುವವರು ಮಾತ್ರ ಅಲ್ಲ. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧವಾದದ್ದು 2012ರಲ್ಲಿ. ಆದರೂ ಹೊಗೆಸೊಪ್ಪು ಬಾಯಿಂದ ಹೋಗಿಲ್ಲ. ನಮ್ಮ ಹೋಟೆಲ್ ಕಾರ್ಮಿಕರಲ್ಲಿ, ಟ್ಯಾಕ್ಸಿ, ರಿಕ್ಷಾ ಓಡಿಸುವವರಲ್ಲಿ ಎಷ್ಟು ಜನರ ತುಟಿಯ ಒಳಗೆ ತಂಬಾಕು ಇರುತ್ತದೆಂದು ನಿಮಗೇ ಗೊತ್ತು. ಬಾಯಿ ಪೂರ್ತಿ ತೆರೆಯಲಾಗದಿರುವುದು, ಒಳಗೆ ಬಿಳಿಯ ಮಚ್ಚೆ, ಮಾಯದ ಹುಣ್ಣು, ಇವನ್ನು ಎಷ್ಟೋ ಬಾರಿ ಮೊದಲು ಕಾಣುವುದು ದಂತವೈದ್ಯರ ಕಣ್ಣು. ಬಾಯಿಯ ಕ್ಯಾನ್ಸರ್ ಬೇಗ ಕಂಡರೆ ಬದುಕುವ ಅವಕಾಶ ಹೆಚ್ಚು. ನಮ್ಮ ಭಾಷೆಯಲ್ಲೇ “ಅಣ್ಣಾ, ಇದನ್ನು ಇವತ್ತೇ ಬಿಡಿ” ಎಂದು ಹೇಳಬಲ್ಲ ಒಬ್ಬ ಡಾಕ್ಟರು ಓಣಿಯಲ್ಲಿ ಇರುವುದು ಸಣ್ಣ ಮಾತಲ್ಲ.

ಈಗ ಸೀಟಿನ ವಿಷಯ. 2016ರಿಂದ ಬಿಡಿಎಸ್‌ಗೂ ನೀಟ್ ಪರೀಕ್ಷೆಯೇ ಬಾಗಿಲು. ಸರ್ಕಾರಿ ಕಾಲೇಜಿರಲಿ, ಖಾಸಗಿ ಇರಲಿ, ಅಭಿಮತ ವಿಶ್ವವಿದ್ಯಾಲಯವಿರಲಿ, ನೀಟ್ ಅರ್ಹತೆ ಇಲ್ಲದೆ ಸೀಟಿಲ್ಲ. “ಹಣ ಕೊಡಿ, ನೀಟ್ ಬೇಡ, ನಾನು ಮಾಡಿಸಿಕೊಡುತ್ತೇನೆ” ಎನ್ನುವ ಏಜೆಂಟರಿಗೆ ದಯವಿಟ್ಟು ಬಾಗಿಲು ತೋರಿಸಿ. ಮುಂಬಯಿಯಲ್ಲಿ ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರಪಾಲಿಕೆ ನಡೆಸುವ ನಾಯರ್ ಆಸ್ಪತ್ರೆಯ ದಂತ ಕಾಲೇಜಿದೆ. ಘಾಟ್ಕೋಪರಿನಿಂದ ಮೊದಲನೆಯದಕ್ಕೆ ಒಂದೇ ಲೋಕಲ್, ಎರಡನೆಯದಕ್ಕೆ ದಾದರಿನಲ್ಲಿ ಗಾಡಿ ಬದಲಿಸಿದರಾಯಿತು. ಹಾಸ್ಟೆಲ್ ಖರ್ಚಿಲ್ಲದೆ ಮನೆಯಿಂದಲೇ ಹೋಗಿ ಬರಬಹುದು.

ಇಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಮಗಳು ಇಲ್ಲಿ ಹತ್ತನೆಯ ತರಗತಿ ಮುಗಿಸಿದ ಕೂಡಲೇ “ಅಜ್ಜಿ ಮನೆಯಲ್ಲಿದ್ದು ಪಿಯುಸಿ ಓದಲಿ, ಅಲ್ಲಿ ಕೋಚಿಂಗ್ ಚೆನ್ನಾಗಿದೆ” ಎಂದು ಉಡುಪಿಗೋ ಮಂಗಳೂರಿಗೋ ಕಳಿಸುತ್ತೇವೆ. ಮಹಾರಾಷ್ಟ್ರದ ರಾಜ್ಯ ಕೋಟಾದ ಸೀಟಿಗೆ ಸಾಮಾನ್ಯ ನಿಯಮವೆಂದರೆ ಹತ್ತು, ಹನ್ನೆರಡು ಎರಡೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು, ಡೊಮಿಸೈಲ್ ಸರ್ಟಿಫಿಕೇಟೂ ಬೇಕು. ಅತ್ತ ಕರ್ನಾಟಕದಲ್ಲಿ ಸಾಮಾನ್ಯವಾಗಿ ಅಲ್ಲಿ ಏಳು ವರ್ಷ ಓದಿರಬೇಕೆಂದು ಕೇಳುತ್ತಾರೆ. ಮುಂದಾಲೋಚನೆ ಇಲ್ಲದೆ ಕಳಿಸಿದರೆ ಮಗಳು ಎರಡು ದೋಣಿಯ ಮೇಲೆ ಕಾಲಿಟ್ಟಂತೆ ಆಗಬಹುದು. ಕರ್ನಾಟಕದಲ್ಲಿ ಹೊರನಾಡು ಕನ್ನಡಿಗರಿಗೆಂದು ಒಂದು ದಾರಿ ಇದೆ. ಆದರೆ ಅದಕ್ಕೆ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡಿದರಷ್ಟೇ ಸಾಲದು, ಓದಲು ಬರೆಯಲು ಬರಬೇಕು. ಮಗಳಿಗೆ ಅಕ್ಷರ ಕಲಿಸಿದ್ದೀರಾ? ಕಲಿಸದಿದ್ದರೆ ಈ ರಜೆಯಲ್ಲೇ ಶುರುಮಾಡಿ. ಎರಡೂ ರಾಜ್ಯಗಳ ಆಯಾ ವರ್ಷದ ಮಾಹಿತಿ ಪುಸ್ತಕವನ್ನು ಹತ್ತನೆಯ ತರಗತಿಯಲ್ಲಿರುವಾಗಲೇ ಒಮ್ಮೆ ತಿರುವಿ ಹಾಕಿ.

ಹಣದ ಮಾತಿಗೆ ಬರೋಣ. ಸರ್ಕಾರಿ ಕಾಲೇಜಿಗೂ ಖಾಸಗಿಗೂ ಶುಲ್ಕದಲ್ಲಿ ಅಜಗಜಾಂತರ. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಒಳ್ಳೆಯ ಆದೇಶ ಹೊರಡಿಸಿತು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯ ಒಳಗಿರುವ ಇಡಬ್ಲ್ಯೂಎಸ್, ಒಬಿಸಿ, ಎಸ್‌ಇಬಿಸಿ ವರ್ಗದ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳಲ್ಲಿ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಆದರೆ ಪ್ರವೇಶ ಸರ್ಕಾರದ ಕೇಂದ್ರೀಕೃತ ಸುತ್ತಿನಲ್ಲೇ ಆಗಿರಬೇಕು. ಮ್ಯಾನೇಜ್‌ಮೆಂಟ್ ಕೋಟಾಕ್ಕೂ ಖಾಸಗಿ ಅಭಿಮತ ವಿಶ್ವವಿದ್ಯಾಲಯಗಳಿಗೂ ಇದು ಅನ್ವಯಿಸದು. ಇಲ್ಲಿ ಒಬಿಸಿ ಸರ್ಟಿಫಿಕೇಟ್ ಬೇಕಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲೇ ಮನೆತನ ಮಹಾರಾಷ್ಟ್ರದಲ್ಲಿ ವಾಸವಿದ್ದದ್ದಕ್ಕೆ ದಾಖಲೆ ಕೇಳುತ್ತಾರೆ. ಅಜ್ಜ ಎಂದೋ ಬಂದು ಹೋಟೆಲಿನಲ್ಲಿ ದುಡಿದ ಕಾಲದ ರೇಶನ್ ಕಾರ್ಡು, ರಾತ್ರಿಶಾಲೆಯ ಲೀವಿಂಗ್ ಸರ್ಟಿಫಿಕೇಟು ಎಲ್ಲಾದರೂ ಪೆಟ್ಟಿಗೆಯ ತಳದಲ್ಲಿ ಇದ್ದರೆ ಹುಡುಕಿಡಿ. ಸಾಮಾನ್ಯ ವರ್ಗದವರು ಇಡಬ್ಲ್ಯೂಎಸ್ ಪ್ರಮಾಣಪತ್ರಕ್ಕೆ ಅರ್ಹರೇ ಎಂದು ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ಕಾಗದಪತ್ರಗಳನ್ನು ಫಲಿತಾಂಶದ ಮರುದಿನ ಹುಡುಕಲು ಹೊರಟರೆ ಆಗುವುದಿಲ್ಲ.

ಓದು ಮುಗಿದ ಮೇಲೆ? ಸತ್ಯವನ್ನೇ ಹೇಳುತ್ತೇನೆ. ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮರುದಿನ ಹಣದ ಮಳೆ ಸುರಿಯುವುದಿಲ್ಲ. ಹೆಚ್ಚಿನವರು ಮೊದಲು ಇನ್ನೊಬ್ಬ ಡಾಕ್ಟರರ ಕ್ಲಿನಿಕ್‌ನಲ್ಲಿ ಕಡಿಮೆ ಸಂಬಳಕ್ಕೆ ಕೈ ಪಳಗಿಸುತ್ತಾರೆ. ಸ್ವಂತ ಕ್ಲಿನಿಕ್ ಎಂದರೆ ಮುಂಬಯಿಯಲ್ಲಿ ಜಾಗದ ಬಾಡಿಗೆ, ಕುರ್ಚಿ, ಕಂಪ್ರೆಸರ್, ಎಕ್ಸ್-ರೇ, ಉಪಕರಣ ಶುದ್ಧಮಾಡುವ ಯಂತ್ರ ಎಲ್ಲವೂ ಬೇಕು. ಎಂಡಿಎಸ್ ಮಾಡುವುದಾದರೆ ಇನ್ನೂ ಮೂರು ವರ್ಷ. ಹೀಗಾಗಿ ಓದಿಗಾಗಿಯೇ ಮನೆಯನ್ನು ಅಡವಿಟ್ಟರೆ ಕ್ಲಿನಿಕ್ ಹಾಕುವ ಹೊತ್ತಿಗೆ ಕೈ ಖಾಲಿ. ಐದು ವರ್ಷದ ಲೆಕ್ಕ ಬೇಡ, ಹತ್ತು ವರ್ಷದ ಲೆಕ್ಕ ಹಾಕಿ. ಕ್ಲಿನಿಕ್ ಒಂದೇ ದಾರಿಯೂ ಅಲ್ಲ. ಆಸ್ಪತ್ರೆಗಳ ದಂತ ವಿಭಾಗ, ಕಾಲೇಜಿನ ಅಧ್ಯಾಪನ, ಸೇನೆಯ ದಂತವೈದ್ಯ ದಳ, ಸಾರ್ವಜನಿಕ ಆರೋಗ್ಯ ಹೀಗೆ ಹಲವು ಇವೆ.

ಕೊನೆಯದಾಗಿ, ಇದನ್ನು ಓದುತ್ತಿರುವ ತಂಗಿ, ನಿನಗೊಂದು ಮಾತು. ಅರ್ಜಿ ತುಂಬುವ ಮೊದಲು ನಿಮ್ಮ ಮನೆಯವರು ಹೋಗುವ ಹಲ್ಲಿನ ಡಾಕ್ಟರರನ್ನು ಕೇಳಿಕೊಂಡು, ಅವರೂ ರೋಗಿಗಳೂ ಒಪ್ಪಿದರೆ, ಎರಡು ದಿನ ಕ್ಲಿನಿಕ್‌ನ ಮೂಲೆಯಲ್ಲಿ ಕೂತು ನೋಡು. ರಕ್ತ, ವಾಸನೆ, ಯಂತ್ರದ ಸದ್ದು ಎಲ್ಲವನ್ನೂ ನೋಡು. ಸರ್ಕಾರಿ ದಂತ ಕಾಲೇಜಿನಲ್ಲಿ ಓದುತ್ತಿರುವ ಯಾರಾದರೂ ಅಕ್ಕನನ್ನು ಹುಡುಕಿ ಮಾತಾಡಿಸು. ಎರಡನೆಯ ದಿನ ಸಂಜೆ “ನಾನೂ ಇದನ್ನು ಮಾಡಬಲ್ಲೆ” ಎಂದು ಅನ್ನಿಸಿದರೆ ಧೈರ್ಯವಾಗಿ ಮುಂದೆ ಹೋಗು, ಎಂಬಿಬಿಎಸ್ ತಪ್ಪಿತೆಂಬ ಕೊರಗು ಬೇಡ. ಅನ್ನಿಸದಿದ್ದರೆ ಅದನ್ನೂ ಮನೆಯಲ್ಲಿ ಬಾಯಿಬಿಟ್ಟು ಹೇಳು. ಅಪ್ಪ ಅಮ್ಮಂದಿರೇ, ಆಗ ನೀವು ಅವಳ ಮಾತನ್ನು ಕೇಳಿಸಿಕೊಳ್ಳಿ. ಎರಡು ದಿನ ಕೂತು ನೋಡಲು ಖರ್ಚಾಗುವುದು ರಿಕ್ಷಾದ ದುಡ್ಡು ಮಾತ್ರ.