ಜನರಲ್ ಕ್ಯಾಂಡೆತ್ ಆಳಿದ ಗೋವಾ ಯಾರದು?



1961ರ ಡಿಸೆಂಬರ್ 19ರಂದು ಗೋವಾದ ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೋ ಇ ಸಿಲ್ವಾ ಭಾರತೀಯ ಸೇನೆಗೆ ಶರಣಾದರು. ಅದಕ್ಕೂ ಮುನ್ನ ನಮ್ಮ ಬೆಳಗಾವಿಯ ಸುತ್ತಮುತ್ತ ಪಡೆಗಳು ಜಮಾಯಿಸಿದ್ದವು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪವನ್ನು ಹಿಡಿಯುವಾಗ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಕಾಳಗ ಎರಡು ದಿನದೊಳಗೆ ಮುಗಿಯಿತು. ಆದರೆ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಸೇನಾ ಗವರ್ನರ್ ಆಗಿ 1962ರ ಜೂನ್‌ವರೆಗೆ ಆಳಿದ ಆ ನೆಲ ಕಾನೂನಿನ ಲೆಕ್ಕದಲ್ಲಿ ಯಾರದಾಗಿತ್ತು? ಈ ತಕರಾರು ತೀರಲು ಹದಿಮೂರು ವರ್ಷ ಬೇಕಾಯಿತು.

ಪೋರ್ಚುಗಲ್ ತನ್ನ ಉತ್ತರವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿತ್ತು. 1951ರಲ್ಲೇ ಅಲ್ಲಿನ ಸರ್ವಾಧಿಕಾರಿ ಸಲಜಾರ್‌ನ ಸರ್ಕಾರ ಸಂವಿಧಾನ ತಿದ್ದಿ, ವಸಾಹತುಗಳನ್ನೆಲ್ಲ ಕಡಲಾಚೆಯ ಪ್ರಾಂತ್ಯಗಳೆಂದು ಘೋಷಿಸಿತ್ತು. ವಸಾಹತೇ ಇಲ್ಲವೆಂದ ಮೇಲೆ ಬಿಟ್ಟುಕೊಡುವ ಮಾತೆಲ್ಲಿ ಬಂತು! ಇತ್ತ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ನಮ್ಮ ಪ್ರತಿನಿಧಿ ಸಿ.ಎಸ್. ಝಾ, ಗೋವಾ ಭಾರತದ್ದೇ ಅಂಗ, ಸ್ವಂತ ನೆಲದ ಮೇಲೆ ಆಕ್ರಮಣ ಎಂಬುದಿಲ್ಲ ಎಂದು ವಾದಿಸಿದರು. ಕದನವಿರಾಮ ಕೇಳಿದ ನಿರ್ಣಯಕ್ಕೆ ಪರವಾಗಿ ಏಳು ಮತ, ವಿರುದ್ಧ ನಾಲ್ಕು; ಸೋವಿಯತ್ ವೀಟೋದಿಂದ ಅದು ಬಿದ್ದುಹೋಯಿತು. 1962ರ ಮಾರ್ಚ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ ಹನ್ನೆರಡನೆಯ ತಿದ್ದುಪಡಿ ತಂದು, 1961ರ ಡಿಸೆಂಬರ್ 20ರಿಂದಲೇ ಗೋವಾ, ದಮನ್, ದಿಯು ಭಾರತದ ಭಾಗವೆಂದಿತು. ಸೇನಾ ಆಡಳಿತದ ತಿಂಗಳುಗಳೂ ಹೀಗೆ ಹಿಂದಿನಿಂದಲೇ ಭಾರತದ ಖಾತೆಗೆ ಸೇರಿದವು.

ಕೆಲವರಿಗೆ ಇದು ಒಪ್ಪಿಗೆಯಾಗಲಿಲ್ಲ. ಗೋವಾದ ಪಾದ್ರಿಯೊಬ್ಬರು, ಸೇರ್ಪಡೆಯ ನಂತರ ಭಾರತ ಹೊರಡಿಸಿದ ಪೌರತ್ವ ಆದೇಶ ಕೊಟ್ಟಿದ್ದ ಅವಕಾಶ ಬಳಸಿಕೊಂಡು, ತಾವು ಪೋರ್ಚುಗೀಸ್ ಪ್ರಜೆಯಾಗಿಯೇ ಉಳಿಯುವುದಾಗಿ ಬರೆದುಕೊಟ್ಟರು. ಹಾಗಾದರೆ ವಾಸದ ಪರವಾನಗಿ ಪಡೆಯಿರಿ, ಇಲ್ಲವೇ ದೇಶ ಬಿಡಿ ಎಂದಿತು ಆಡಳಿತ. ಅವರು ಎರಡನ್ನೂ ಮಾಡಲಿಲ್ಲ. ವಿದೇಶಿಯರ ಕಾಯಿದೆಯಡಿ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟಿನಲ್ಲಿ ಅವರ ವಾದ ಗಟ್ಟಿಯಾಗಿತ್ತು: ಗೋವಾ ಸೇನೆ ಹಿಡಿದಿಟ್ಟುಕೊಂಡ ಪ್ರದೇಶ, ಜಿನೀವಾ ಒಪ್ಪಂದದಂತೆ ಅಲ್ಲಿನ ನಿವಾಸಿಗಳನ್ನು ಹೊರಗಟ್ಟುವಂತಿಲ್ಲ, ಭಾರತ ತನ್ನದೆಂದು ಸೇರಿಸಿಕೊಂಡರೂ ಆ ರಕ್ಷಣೆ ತಪ್ಪುವುದಿಲ್ಲ. ಒಪ್ಪಂದದ 47ನೆಯ ವಿಧಿ ಹಾಗೆ ಹೇಳುವುದೂ ನಿಜ.

1969ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ತೀರ್ಪು ಬರೆದರು. ಅವರ ಪ್ರಕಾರ, ಯುದ್ಧ ನಡೆಯುತ್ತಿರುವಾಗಲೇ ನೆಲ ನಮ್ಮದೆಂದು ಆತುರದಲ್ಲಿ ಸಾರುವುದು ಬೇರೆ. ಅಂಥಲ್ಲಿ ಒಪ್ಪಂದದ ರಕ್ಷಣೆ ಉಳಿಯುತ್ತದೆ. ಇಲ್ಲಿಯಾದರೋ ಪ್ರತಿರೋಧ ಕೆಲವೇ ಗಂಟೆಗಳಲ್ಲಿ ಅಡಗಿತು, ಹೋರಾಡುವ ಎದುರಾಳಿಯೇ ಉಳಿಯಲಿಲ್ಲ. ಗೆಲುವಿನ ಬೆನ್ನಿಗೇ ಸೇರ್ಪಡೆಯೂ ಆಯಿತು. 1961ರ ಡಿಸೆಂಬರ್ 20ಕ್ಕೇ ಸೇನಾ ವಶದ ಸ್ಥಿತಿ ಕೊನೆಗೊಂಡಿತು, ಪಾದ್ರಿಯ ಮೇಲ್ಮನವಿ ವಜಾ.

ಗಮನಿಸಿ, ಭದ್ರತಾ ಮಂಡಳಿಯಲ್ಲಿ ನಾವು ಗೆದ್ದೆವೆಂದು ಹೇಳಿಕೊಂಡಿರಲಿಲ್ಲ. ನಮ್ಮದನ್ನು ನಾವು ಪಡೆದೆವೆಂದಿದ್ದೆವು. ನ್ಯಾಯಾಲಯ ನಿಂತದ್ದು ಗೆಲುವಿನ ಹಕ್ಕಿನ ಮೇಲೆ. ಬಲದಿಂದ ನೆಲ ಪಡೆಯಬಾರದೆನ್ನುವ ವಿಶ್ವಸಂಸ್ಥೆಯ ಕಾಲದಲ್ಲಿ ಈ ದಾರಿ ಕೊಂಚ ಮುಜುಗರದ್ದೇ. ಆದರೂ ರಾಜತಾಂತ್ರಿಕರ ಮಾತಿಗಿಂತ ಇದರಲ್ಲಿ ಪ್ರಾಮಾಣಿಕತೆ ಹೆಚ್ಚೆಂದು ನನಗನ್ನಿಸುತ್ತದೆ.

ಲಿಸ್ಬನ್ನಿನ ಪಟ್ಟು ಸಡಿಲಿದ್ದು 1974ರ ಏಪ್ರಿಲ್ ಕ್ರಾಂತಿ ಅಲ್ಲಿನ ಸರ್ವಾಧಿಕಾರವನ್ನು ಉರುಳಿಸಿದ ಮೇಲೆ. ಅದೇ ಡಿಸೆಂಬರ್ 31ರಂದು ಪೋರ್ಚುಗಲ್‌ನ ವಿದೇಶಾಂಗ ಸಚಿವ ಮಾರಿಯೋ ಸೋರೆಸ್ ಮತ್ತು ನಮ್ಮ ವಿದೇಶಾಂಗ ಸಚಿವ ವೈ.ಬಿ. ಚವಾಣ್ ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಗೋವಾ, ದಮನ್, ದಿಯು ಭಾರತದ ಸಂವಿಧಾನದ ಪ್ರಕಾರ ಭಾರತಕ್ಕೆ ಸೇರಿದ ದಿನದಿಂದಲೇ ಪೋರ್ಚುಗಲ್ ನಮ್ಮ ಸಾರ್ವಭೌಮತ್ವವನ್ನು ಮಾನ್ಯ ಮಾಡಿತು.